ಅಕ್ಕಿಯ ಮೇಲೆ ಬರೆದ ಹೆಸರು

ನಮ್ಮಮ್ಮನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಪ್ಪ ರೇಗಿಸುತ್ತಾರೆ. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ, ಬಂದು ಹೋಗುವವರಿಗೆ ಕೊರತೆಯಿಲ್ಲ. ಯಾರನ್ನೇ ರೈಲು ಹತ್ತಿಸಬೇಕಾಗಲಿ, ಅಮ್ಮ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಹೊರಟು ನಿಲ್ಲುತ್ತಾಳೆ. ಸ್ಟೇಷನ್ನಿನಲ್ಲಿ ಅವಳದೊಂದು ವಿಚಿತ್ರವಿತ್ತು. ತಮಿಳಿನವರು ಯಾರಾದರೂ ತಮ್ಮ ಗೆಳೆಯನನ್ನು "ಮುತ್ತೂ!" ಎಂದು ಕೂಗಿದರೆ ಸಾಕು, ಅಮ್ಮ ಗಕ್ಕನೆ ತಿರುಗುತ್ತಿದ್ದಳು. ಅವರಲ್ಲಿ ಗಂಡಸರಿಗೂ ಆ ಹೆಸರಿಡುತ್ತಾರೆ. ಕೂಗಿದ್ದು ಯಾರನ್ನೋ ಎಂದು ತಿಳಿದ ಮೇಲೆ ಏನೂ ಆಗದವಳ ಹಾಗೆ ಬ್ಯಾಗುಗಳನ್ನು ಅತ್ತಿಂದಿತ್ತ ಸರಿಸುತ್ತಿದ್ದಳು. ಅಮ್ಮನ ಹೆಸರು ದ್ರಾಕ್ಷಾಯಣಿ. ಇವಳಿಗೇನು ಕೆಲಸ ತಿರುಗುವುದಕ್ಕೆ ಎಂದು ನನಗೆ ಕಿರಿಕಿರಿಯಾಗುತ್ತಿತ್ತು.

ಇನ್ನೊಂದು ಚಟ, ಹೊಸಬರು ಸಿಕ್ಕರೆ ಹೆಸರು ಕೇಳುವುದು, ಹೆಸರಿನ ಅರ್ಥ ಕೇಳುವುದು. ಆಸ್ಪತ್ರೆಗೆ ಬಂದ ಸೊಲ್ಲಾಪುರದ ನರ್ಸು ಮುಕ್ತಾ. ಬಟ್ಟೆ ಅಂಗಡಿಯ ಮಾರವಾಡಿಗಳ ಮನೆಯ ಅಜ್ಜಿ ಮೋತಿಬಾಯಿ. ಚರ್ಚಿನ ಬೀದಿಯ ನಿವೃತ್ತ ಟೀಚರ್ ಮಾರ್ಗರೆಟ್ ಮಿಸ್. ತಮ್ಮ ಹೆಸರು ಗ್ರೀಕ್ ಭಾಷೆಯಿಂದ ಬಂದದ್ದೆಂದು ಅವರೇ ವಿವರಿಸಿದರಂತೆ. ಆ ದಿನ ಅಮ್ಮ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು.

"ಮೂರು ಜನದ್ದೂ ಒಂದೇ ಹೆಸರು ಕಣೇ ಪ್ರತಿಮಾ! ಬಿಳಿ ಮಣಿ ಅಂತ ಅರ್ಥ."

ಮುತ್ತು ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅಪ್ಪನ ತಾಯಿಯ ಹೆಸರು ಮುತ್ತಮ್ಮ. ಸೊಸೆ ಅತ್ತೆಯ ಹೆಸರು ಹೇಳಬಾರದು. ಹಾಗಾಗಿ ನಮ್ಮ ಮನೆಯಲ್ಲಿ ಮುತ್ತಿನ ಓಲೆ ಬಿಳಿಮಣಿ ಓಲೆಯಾಗಿತ್ತು. ಮಕ್ಕಳನ್ನು ಕೂಡ ಅಮ್ಮ "ಉಮ್ಮ ಕೊಡು" ಎಂದೇ ಕೇಳುತ್ತಿದ್ದಳು. ಅಜ್ಜಿ ಹೋಗಿ ಎಷ್ಟೋ ವರ್ಷವಾದರೂ ಆ ಅಭ್ಯಾಸ ಹೋಗಿರಲಿಲ್ಲ.

ಹೋದ ವರ್ಷ ನನ್ನ ತಮ್ಮ ಚೇತನ್‌ಕುಮಾರನಿಗೆ ಹೆಣ್ಣುಮಗು ಹುಟ್ಟಿತು. ಅಪ್ಪ ಸಿದ್ದಬಸಪ್ಪನವರು ಆಸ್ಪತ್ರೆಯಲ್ಲೇ ತೀರ್ಪು ಕೊಟ್ಟುಬಿಟ್ಟರು, "ನಮ್ಮವ್ವನ ಹೆಸರೇ ಇಡಬೇಕು." ತಮ್ಮನ ಹೆಂಡತಿ ಸಿರಿ ಫೋನಿನಲ್ಲಿ ಹುಡುಕಿ, "ಮೌಕ್ತಿಕಾ ಅಂತಿಡೋಣ ಮಾವ, ಸಂಸ್ಕೃತದಲ್ಲಿ ಅದೇ ಅರ್ಥ" ಎಂದಳು. "ಅವೆಲ್ಲ ಬ್ಯಾಡ. ಮುತ್ತು ಅಂತ್ಲೇ ಇರ್ಲಿ" ಎಂದರು ಅಪ್ಪ. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಅಂದರೆ ನನ್ನದು. ನಾನು ಖುಷಿಯಿಂದ ರೇಷ್ಮೆ ಸೀರೆ ಇಸ್ತ್ರಿಗೆ ಕೊಟ್ಟೆ. ಅಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಶಾಸ್ತ್ರದ ಹಿಂದಿನ ದಿನ, ಮನೆ ತುಂಬ ಕೆಲಸವಿರುವಾಗ, ಅಮ್ಮ ಬೇಲೂರಿನ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟಳು.

"ನಡಿ, ಬಸ್ತಿಹಳ್ಳಿಗೆ ಹೋಗ್ಬಿಟ್ಟು ಬರಾಣ."

"ನಾಳೆ ನಾಮಕರಣ ಇಟ್ಕೊಂಡು ಇವತ್ತು ಬಸ್ತಿಹಳ್ಳಿನಾ? ತಲೆ ಕೆಟ್ಟಿದ್ಯಾ ನಿಂಗೆ?"

"ನೀ ಬರದಿದ್ರೆ ನಾನೊಬ್ಳೇ ಹೋಯ್ತೀನಿ."

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ ಅವಳ ತವರು. ಅಲ್ಲಿ ಈಗ ನಮ್ಮವರು ಯಾರೂ ಇಲ್ಲ. ಬಸ್ಸಿನಲ್ಲಿ ಅಮ್ಮ ಕಿಟಕಿ ಪಕ್ಕ ಕೂತಳು, ಎದ್ದಳು, ಮುಂದಿನ ಸೀಟಿಗೆ ಹೋದಳು, ಹಳೇಬೀಡು ಇನ್ನೂ ದೂರವಿರುವಾಗಲೇ ಬಾಗಿಲ ಹತ್ತಿರ ಹೋಗಿ ನಿಂತಳು. ಕಂಡಕ್ಟರ್ ಬೈದರೂ ಅಲ್ಲಾಡಲಿಲ್ಲ.

ಬಸ್ತಿಹಳ್ಳಿಯ ಬಸದಿಗಳ ಬೇಲಿಯ ಆಚೆ ಒಬ್ಬಾಕೆ ಹುಲ್ಲಿನ ಹೊರೆ ಕಟ್ಟುತ್ತಿದ್ದರು. ನಮ್ಮನ್ನು ನೋಡಿ ಹಣೆಗೆ ಕೈ ಅಡ್ಡ ಹಿಡಿದರು.

"ಲೇ ಮುತ್ತೀ! ಮುತ್ತಿ ಅಲ್ವೇನೇ ನೀನು?"

ಅಮ್ಮ ಓಡಿದಳು. ಮಂಡಿ ನೋವೆಂದು ದಿನಾ ಎಣ್ಣೆ ತಿಕ್ಕಿಸಿಕೊಳ್ಳುವವಳು ಓಡಿಹೋಗಿ ಆಕೆಯನ್ನು ತಬ್ಬಿಕೊಂಡಳು. ಆಕೆ ರುದ್ರಮ್ಮ, ಅಮ್ಮನ ಬಾಲ್ಯದ ಗೆಳತಿ. ನಾನು ಬೆಪ್ಪಾಗಿ ನಿಂತಿದ್ದನ್ನು ನೋಡಿ ಆಕೆಗೇ ಆಶ್ಚರ್ಯವಾಯಿತು.

"ನಿಂಗೊತ್ತಿಲ್ವೇನವ್ವ? ನಿಮ್ಮವ್ವನ ಹೆಸರು ಮುತ್ತು. ಅತ್ತೆ ಹೆಸರೂ ಅದೇ ಆಗೋಯ್ತು. ಅತ್ತೆ ಹೆಸರು ಹಿಡಿದು ಸೊಸೇನ ಬೈಯೋಕಾಯ್ತದಾ? ಅದಕ್ಕೇ ಧಾರೆ ದಿನ ತಟ್ಟೇಲಿ ಅಕ್ಕಿ ಹರಡಿ, ನಿಮ್ಮಪ್ಪನ ಕೈಲಿ ಅವ್ರ ಉಂಗುರದಲ್ಲೇ ಹೊಸಾ ಹೆಸರು ಬರೆಸಿದ್ರು. ಇವಳು ಅವತ್ತೆಲ್ಲ ಆ ತಟ್ಟೆ ಕಡೆ ತಿರುಗೂ ನೋಡ್ಲಿಲ್ಲ."

ತವರಿನವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದುದರಿಂದ ನನಗೆ ಇದರ ಸುಳಿವೇ ಸಿಕ್ಕಿರಲಿಲ್ಲ. ಶಾಲೆಯಲ್ಲಿ ನೂರಾರು ಮಕ್ಕಳ ಹೆಸರು ಬಾಯಿಪಾಠ ಹೇಳುವ ಮೇಡಂ ನಾನು. ನನ್ನ ತಾಯಿಯ ಹೆಸರು ನನಗೆ ಗೊತ್ತಿರಲಿಲ್ಲ.

ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಅಮ್ಮ ಅತ್ತಿಂದಿತ್ತ ಓಡಾಡುತ್ತಲೇ ಮಾತಾಡಿದಳು.

"ಅತ್ತೆಗೂ ಆ ಹೆಸರಿತ್ತು, ಇಲ್ಲ ಅನ್ನಲ್ಲ. ನಂಗೂ ನಮ್ಮಪ್ಪ ಆಸೆಪಟ್ಟು ಇಟ್ಟಿದ್ದು ಕಣೇ. ಇಷ್ಟು ದಿನ ಅದು ಎಲ್ಲೋ ಒಂದು ಕಡೆ ಐತೆ, ನಂದೇ ಐತೆ ಅಂದ್ಕೊಂಡಿದ್ದೆ. ಯಾರ್‍ಯಾರ ಭಾಷೇಲಿ ಕೇಳಿದ್ರೂ ನಂದೇ ಅನ್ಸೋದು. ನಾಳೆ ಮಗೀಗೆ ಇಟ್ಟು, ಇದು ಅತ್ತೆ ಹೆಸರು ಅಂತ ಎಲ್ರ ಮುಂದೆ ಹೇಳ್ಬಿಟ್ರೆ, ಆಮೇಲೆ ನಂದು ಅಂತ ಏನೈತೆ?"

"ಅಪ್ಪಂಗೆ ಹೇಳಮ್ಮ."

"ಅವ್ರಿಗೆ ಗೊತ್ತಿಲ್ವಾ? ಬರ್ದೋರೇ ಅವ್ರು."

ಬಸ್ಸು ಬಂತು. ಅದು ನಿಲ್ಲುವ ಮೊದಲೇ ಅಮ್ಮ ಹತ್ತಲು ಹೋದಳು.

ಮರುದಿನ ಮನೆ ತುಂಬ ಜನ. ಅಪ್ಪನ ಅಕ್ಕ ಬಸಮ್ಮತ್ತೆಯದು ಯಜಮಾನಿಕೆ. ಗೋಡೆಯ ಮೇಲೆ ಅಜ್ಜಿಯ ಫೋಟೋಗೆ ಮಲ್ಲಿಗೆ ಹಾರ. ಅಮ್ಮ ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತಿದ್ದಳು, ತೊಟ್ಟಿಲ ಹತ್ತಿರ ಮಾತ್ರ ಬರುತ್ತಿರಲಿಲ್ಲ. ನಾನು ಬಗ್ಗಿ ಮಗುವಿನ ಕಿವಿಯಲ್ಲಿ "ಮುತ್ತು" ಎಂದೆ. ಹೆಂಗಸರು ಶಾಸ್ತ್ರದಂತೆ ನನ್ನ ಬೆನ್ನಿಗೆ ಗುದ್ದಿ ನಕ್ಕರು.

"ಜೋರಾಗಿ ಹೇಳೇ, ಯಾರ ಹೆಸರು?" ಎಂದರು ಬಸಮ್ಮತ್ತೆ.

"ಮುತ್ತು. ನಮ್ಮಮ್ಮನ ಹೆಸರು."

ಅಪ್ಪ ನಕ್ಕು ತಿದ್ದಿದರು, "ನಮ್ಮವ್ವನ ಹೆಸರು ಅನ್ನು."

"ಅಲ್ಲಪ್ಪ. ನಮ್ಮಮ್ಮನದು. ಇಲ್ಲೇ ಇದಾಳೆ, ಬೇಕಾದ್ರೆ ಕೇಳಿ."

ನಗು ನಿಂತಿತು. ಸಿರಿ ನನ್ನ ಮುಖ ನೋಡಿದಳು. "ಶುಭಕಾರ್ಯದಲ್ಲಿ ಇದೇನು ಮಾತು?" ಎಂದು ಬಸಮ್ಮತ್ತೆ ಗದರಿದರು. ಕೋಸಂಬರಿ ತಟ್ಟೆ ಹಿಡಿದು ಬರುತ್ತಿದ್ದ ಅಮ್ಮ ಅಲ್ಲಿಂದಲೇ ಅಡುಗೆಮನೆಯತ್ತ ತಿರುಗಿಬಿಟ್ಟಳು. ಅಪ್ಪ ಕಿರುಚಾಡುತ್ತಾರೆಂದು ನಾನು ಸೆರಗು ಬಿಗಿದುಕೊಂಡೇ ನಿಂತಿದ್ದೆ. ಅವರು ಬೆರಳಿನ ಉಂಗುರವನ್ನು ತಿರುಗಿಸುತ್ತ ನಿಂತರು. ಮದುವೆಯ ಉಂಗುರ, ಇವತ್ತಿಗೂ ತೆಗೆದಿಲ್ಲ.

ಗಲಾಟೆಗೆ ಮಗು ಕಿರ್ರೆಂದು ಅಳತೊಡಗಿತು. ಸಿರಿ ಕೈ ಚಾಚಿದಳು. ಅಪ್ಪ ಬೇಡವೆಂದು ಅವಳನ್ನು ತಡೆದರು. ಅಡುಗೆಮನೆಯ ಕಡೆ ನೋಡಿ ಕೂಗಿದರು.

"ಮುತ್ತೂ, ಬಾ. ಮಗೂನ ಎತ್ಕೋ."

ಬಸಮ್ಮತ್ತೆ ಬಾಯಿಗೆ ಸೆರಗು ಹಿಡಿದರು. ಅಮ್ಮ ಸ್ಟೇಷನ್ನಿನಲ್ಲಿ ತಿರುಗುತ್ತಿದ್ದಳಲ್ಲ, ಹಾಗೇ ಗಕ್ಕನೆ ತಿರುಗಿದಳು. ಈ ಸಲ ಕೂಗಿದ್ದು ಅವಳನ್ನೇ.