ಅಜ್ಜಿ ಹೇಳದೆ ಉಳಿಸಿದ ಮಾತು

ಆಗೆಲ್ಲ ರಾಜಗೋಪಾಲನಗರದಲ್ಲಿ ಯಾರ ಮನೆಯಲ್ಲಿ ನೀರಿತ್ತೋ ಅವರೇ ದೊಡ್ಡವರು. ನಮ್ಮಜ್ಜಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆರು ಮನೆ ಕಟ್ಟಿಸಿ, ಪೀಣ್ಯದ ಕಾರ್ಖಾನೆಗಳ ಕಡೆ ಕೆಲಸಕ್ಕೆ ಹೋಗುವವರಿಗೆ ಬಾಡಿಗೆಗೆ ಕೊಟ್ಟಿದ್ದಳು. ಹಿತ್ತಲಲ್ಲಿ ಬೋರ್‌ವೆಲ್. ಗಾಳಿ ನಮ್ಮ ಕಡೆ ತಿರುಗಿದರೆ ನಟ್ಟು ಬೋಲ್ಟುಗಳಿಗೆ ಹೊಳಪಿನ ಲೇಪ ಹಾಕುವ ಶೆಡ್ಡುಗಳ ಹುಳಿ ವಾಸನೆ ಗಂಟಲು ಕೆರೆಯುತ್ತಿತ್ತು. ನಾವದನ್ನು ಊರಿನ ವಾಸನೆ ಎಂದೇ ತಿಳಿದಿದ್ದೆವು. ನಾನೂ ಕೊನೆ ಮನೆಯ ಶಶಿಯೂ ಕುಂಟೆಬಿಲ್ಲೆ ಆಡಿ ದಣಿದು ನಲ್ಲಿಗೆ ಬೊಗಸೆ ಒಡ್ಡುತ್ತಿದ್ದೆವು.

ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಮಹಿಳಾ ವಿಜ್ಞಾನಿಯೊಬ್ಬರು ಬಂದು ಪರೀಕ್ಷೆಗೆಂದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಮೂರು ವಾರದ ಮೇಲೆ ಕಾಗದ ಹಿಡಿದು ಮತ್ತೆ ಬಂದರು. ಅಜ್ಜಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು.

"ಈ ನೀರಲ್ಲಿ ಆ ಶೆಡ್ಡುಗಳಿಂದ ಇಳಿಯೋ ಕ್ರೋಮಿಯಂ ಅಂಶ ಮಿತಿಗಿಂತ ಜಾಸ್ತಿ ಇದೆ. ಕುಡಿಯೋಕೆ ಯೋಗ್ಯವಲ್ಲ," ಎಂದರು ಆಕೆ.

"ಕುಡುದ್ರೆ ಸಾಯ್ತೀವಾ?"

"ಹಾಗಂತ ಖಚಿತವಾಗಿ ಹೇಳೋಕಾಗಲ್ಲ. ಬಹಳ ವರ್ಷ ಕುಡಿದ್ರೆ ತೊಂದರೆ ಆಗೋ ಸಂಭವ ಇದೆ."

"ನಿಂಗೇ ಗೊತ್ತಿಲ್ದಿದ್ದನ್ನ ನಮ್ಗೇನವ್ವ ಏಳ್ತೀಯ?"

ಅಪ್ಪ ಒಂದು ಚೊಂಬು ನೀರು ಹಿಡಿದು ಅವರೆದುರಿಗೇ ಗಟಗಟ ಕುಡಿದ. ಬಿಂದಿಗೆ ಹಿಡಿದು ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.

ನಗದವಳು ಶಶಿಯ ಅಮ್ಮ ರತ್ನಕ್ಕ ಒಬ್ಬಳೇ. ಮರುದಿನದಿಂದ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು, ಮುಖ್ಯರಸ್ತೆಯ ನಲ್ಲಿಯಿಂದ ಎರಡು ಬಿಂದಿಗೆ ನೀರು ಹೊತ್ತು ತರತೊಡಗಿದಳು. ಅಜ್ಜಿಗೆ ಅದು ಅವಮಾನವಾಯಿತು.

"ನನ್ ನೀರು ವಿಸ ಅಂತ ಊರ್ಗೆಲ್ಲಾ ಸಾರ್ತಿದ್ದೀಯ?"

"ನಾನ್ಯಾರಿಗೂ ಏನೂ ಹೇಳಿಲ್ಲಮ್ಮ. ಮಗು ಇದೆ, ಭಯ ಆಗುತ್ತೆ."

"ಭಯ ಇದ್ರೆ ಮನೆ ಖಾಲಿ ಮಾಡು."

ತಿಂಗಳು ತುಂಬುವ ಮೊದಲೇ ಅವರು ಹೊರಟರು. ಲಗೇಜ್ ಆಟೊದಲ್ಲಿ ಪಾತ್ರೆಗಳ ನಡುವೆ ಕುಳಿತ ಶಶಿ ನನ್ನ ಕಡೆ ನೋಡಲಿಲ್ಲ. ನಾನು ಅಜ್ಜಿಯ ಪಕ್ಕದಲ್ಲಿ ನಿಂತಿದ್ದೆ.

ಮಳೆಗಾಲ ಶುರುವಾದಾಗ ಆ ವಿಜ್ಞಾನಿ ಮತ್ತೆ ಬಂದರು. ಈ ಸಲ ಕಾಗದ ತೆಗೆಯಲಿಲ್ಲ. ಅಜ್ಜಿಯ ಎದುರು ನೆಲದ ಮೇಲೆ ಕುಳಿತರು.

"ಅವತ್ತು ನಾನು ಸರಿಯಾಗಿ ಹೇಳ್ಲಿಲ್ಲ ಅಜ್ಜಿ. ನನ್ನ ಮಗಳಿಗಾದ್ರೆ ನಾನು ಈ ನೀರು ಕುಡಿಸಲ್ಲ."

ಅಜ್ಜಿ ಹಿತ್ತಲ ಬೋರ್‌ವೆಲ್ ಕಡೆ ನೋಡಿದಳು. "ಇಂಗೇ ಅವತ್ತೇ ಏಳ್ಬೇಕಿತ್ತು ಕಣವ್ವ," ಎಂದಳು.

"ನನ್ನ ಮಾತು ಇಲ್ಲಿ ಯಾರೂ ನಂಬಲ್ಲ. ನೀವು ಹೇಳಿದ್ರೆ ಎಲ್ಲರೂ ಕೇಳ್ತಾರೆ."

"ಏಳ್ತೀನಿ ಬುಡು."

ಆದರೆ ಹೇಳಲಿಲ್ಲ. ಅಷ್ಟೆಲ್ಲ ಆದ ಮೇಲೆ ಹೇಳುವ ಮುಖ ಅವಳಿಗೆ ಉಳಿದಿರಲಿಲ್ಲವೇನೋ. ಮನೆಗಳು ಖಾಲಿ ಬಿದ್ದಾವು ಎಂಬ ಅಂಜಿಕೆಯೂ ಇತ್ತು. ಮುಂದಿನ ವಾರದಿಂದ ನಮ್ಮ ಅಡುಗೆಮನೆಗೆ ಕ್ಯಾನ್ ನೀರು ಬರತೊಡಗಿತು. ಅಜ್ಜಿ ಕ್ಯಾನಿಗೆ ಹಳೆ ಸೀರೆ ಸುತ್ತಿ ಮೂಲೆಯಲ್ಲಿಟ್ಟು, "ಯಾರ್ಗೂ ಏಳ್ಬೇಡ," ಎಂದಳು. ನಾನು ಹೇಳಲಿಲ್ಲ.

ಈಗ ಬೋರ್‌ವೆಲ್ ಬತ್ತಿದೆ. ಅಜ್ಜಿ ಇಲ್ಲ. ಬಾಡಿಗೆಗಿದ್ದವರು ಎಲ್ಲೆಲ್ಲಿಗೋ ಹೋದರು. ಅವರಲ್ಲಿ ಯಾರಿಗಾದರೂ ಏನಾದರೂ ಆಯಿತೇ, ಆಗಿದ್ದರೂ ಆ ನೀರಿನಿಂದಲೇ ಆಯಿತೇ, ಹೇಳುವವರಿಲ್ಲ. ಶಶಿ ಬಿಟ್ಟುಹೋದ ಮನೆಗೆ ಆಮೇಲೆ ಬಂದವರಿಗೆ ಒಂದು ಎಳೆಗೂಸಿತ್ತು; ಅದಕ್ಕೂ ಅದೇ ಬೋರ್‌ವೆಲ್ ನೀರು. ಎಷ್ಟೋ ಸಂಜೆ ನಾನೇ ಅದನ್ನು ಎತ್ತಿ ಆಡಿಸಿದ್ದೆ. ಅದರ ಹೆಸರು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.