ಬೀಗಿತ್ತಿಯ ಅಡುಗೆಗೆ ಒಂದು ಒಲೆ

ಬೆಂಕಿಯನ್ನು ವಶಮಾಡಿಕೊಂಡ ದಿನವೇ ಮನುಷ್ಯ ಪ್ರಾಣಿಗಳಿಂದ ಬೇರೆಯಾದ ಎಂದು ತಿಳಿದವರು ಹೇಳುತ್ತಾರೆ. ಆ ಲೆಕ್ಕಕ್ಕೆ, ಹೋದ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಎಜುಕೇಶನ್ ಹಿಲ್ ಬಡಾವಣೆಯಲ್ಲಿರುವ ಮಗನ ಮನೆಯ ಮುಂದೆ ನಿಲ್ಲಿಸಿದ್ದ ನಮ್ಮ ಆರ್‌ವಿಯೊಳಗೆ ನಾವೆಲ್ಲ ಇನ್ನೂ ಪ್ರಾಣಿಗಳಾಗಿಯೇ ಇದ್ದೆವು. ಒಲೆ ಹತ್ತುತ್ತಿರಲಿಲ್ಲ.

ಆರ್‌ವಿ ಎಂದರೆ ಬಸ್ಸಿನಷ್ಟು ಇಕ್ಕಟ್ಟಾದ ಮನೆ, ಮನೆಯಷ್ಟು ಕಾಟ ಕೊಡುವ ಬಸ್ಸು. ವಿಮಾನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ದೇಶ ಸುತ್ತುವ ಉಮೇದಿನಲ್ಲಿ ಅದನ್ನು ಕೊಂಡೆ. ಸುತ್ತಿದ್ದು ಕಡಿಮೆ, ರಿಪೇರಿ ಮಾಡಿದ್ದು ಹೆಚ್ಚು. ಆದರೆ ಅದಕ್ಕೊಂದು ಗುಣವಿತ್ತು: ಅದರ ಒಲೆಯ ಮೇಲೆ ಉಪ್ಪಿಟ್ಟು, ಚಹಾ ಬಿಟ್ಟರೆ ಬೇರೇನೂ ಬೆಂದಿರಲಿಲ್ಲ.

ಈ ಗುಣ ಅಂದು ಬೇಕಾಗಿತ್ತು. ನಮ್ಮ ಸೊಸೆ ಟರ್ಕಿಯವಳು. ಅವಳ ಮನೆಯಲ್ಲಿ ಮಾಂಸ ಬೇಯುತ್ತದೆ. ಆದ್ದರಿಂದ ಮದುವೆಯಾದಂದಿನಿಂದ ನನ್ನ ಹೆಂಡತಿ ನಾವಿರುವ ಮಿಲ್ ಕ್ರೀಕ್‌ನಿಂದ ತನ್ನ ರೊಟ್ಟಿ ಡಬ್ಬಿ ತಂದು, ಸೊಸೆಯ ಮೇಜಿನ ಮೇಲೆಯೇ ಇಟ್ಟುಕೊಂಡು, ನಗುನಗುತ್ತಾ ಉಂಡು ಬರುತ್ತಿದ್ದಳು. ಜಗಳವಿಲ್ಲ, ಮುನಿಸಿಲ್ಲ. ಬೀಗಿತ್ತಿ ಊರಿಂದ ಮಗಳನ್ನು ನೋಡಲು ಬಂದಾಗಲೂ ಅದೇ ಕ್ರಮ. ಆಕೆ ತಟ್ಟೆ ಮುಂದೆ ಚಾಚಿದಾಗಲೆಲ್ಲ ನನ್ನ ಹೆಂಡತಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುವಳು. ಬೇಡ ಎನ್ನುವ ಈ ಟರ್ಕಿ ಮರ್ಯಾದೆಯನ್ನು ಅವಳು ಬೀಗಿತ್ತಿಯಿಂದಲೇ ಕಲಿತದ್ದು.

ಮರುದಿನ ಬೀಗಿತ್ತಿಯ ವಿಮಾನ. ಹಿಂದಿನ ವಾರ ಸೊಸೆ ನನಗೆ ಕಾಲ್ ಮಾಡಿ, "ಮಾವಾರ, ಅಮ್ಮ ಹೊರಟುಬಿಡ್ತಾಳೆ. ಅತ್ತಿ ಅವಳ ಕೈಯಿಂದ ಒಂದು ತುತ್ತೂ ತಿಂದಿಲ್ಲ" ಎಂದಿದ್ದಳು. 'ಮಾವಾರ' 'ಅತ್ತಿ' ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷು. ಆಗ ನಾನು ಆರ್‌ವಿಯ ಒಲೆಯನ್ನು ಸೂಚಿಸಿದೆ. ಹೆಂಡತಿ ಎರಡು ದಿನ ವಿಚಾರಮಾಡಿ, "ಹೊಸಾ ಪಾತೇಲಿ ತರ್ರಿ, ನೋಡೂಣು" ಎಂದಳು. ತಿನ್ನುತ್ತೇನೆ ಎನ್ನಲಿಲ್ಲ.

ಹೊಸ ಪಾತ್ರೆ ಬಂತು. ಒಲೆ ಹತ್ತಲಿಲ್ಲ. ಸಿಲಿಂಡರಿನಲ್ಲಿ ಗ್ಯಾಸ್ ಇತ್ತು, ಪೈಪು ಸರಿಯಿತ್ತು. ನಾನು ಟಾರ್ಚು ಹಿಡಿದು ನೆಲದ ಮೇಲೆ ಅಡ್ಡ ಬಿದ್ದೆ.

"ಏನ್ರೀ, ಇಷ್ಟ ವರ್ಷ ಇಮಾನ ಮಾಡಿದ್ರಿ, ಒಂದ ಒಲಿ ಹಚ್ಚಾಕ ಆಗವಲ್ದೇನು?"

"ನಾ ಮಾಡಿದ್ದು ರೆಕ್ಕಿ. ರೆಕ್ಕಿಯೊಳಗ ಒಲಿ ಇರಂಗಿಲ್ಲ."

ಬರ್ನರನ್ನು ಬಿಚ್ಚಿ ಅಲ್ಲಾಡಿಸಿದೆ. ಒಳಗಿಂದ ನೀರು ಸುರಿಯಿತು. ತುಸು ಅರಿಶಿನದ ಬಣ್ಣದ ನೀರು.

"ಇದಕ್ಕ ನೀರ ಹಾಕಿ ತೊಳದಿಯೇನು?"

"ಮತ್ತ? ನೀರಿಲ್ದ ಹೆಂಗ ತೊಳೀತಾರು?"

ಹಿಂದಿನ ಸಂಜೆಯೇ ಆರ್‌ವಿಯೊಳಗೆ ಹೋಗಿ, ಉಪ್ಪಿಟ್ಟಿನ ಒಲೆಗೂ ಒಂದು ಸ್ನಾನವಾಗಲಿ ಎಂದು ಅರಿಶಿನದ ನೀರು ಹುಯ್ದಿದ್ದಳಂತೆ. ಇದನ್ನು ಬೀಗಿತ್ತಿಗೆ ಹೇಗೆ ತಿಳಿಸುವುದು? ಸೊಸೆ ಅತ್ತೆಯ ಮುಖ ನೋಡಿ, ತಾಯಿಗೆ ಟರ್ಕಿ ಭಾಷೆಯಲ್ಲಿ ಏನೋ ಚಿಕ್ಕದಾಗಿ ಹೇಳಿ, ಮನೆಯೊಳಗಿಂದ ಹೇರ್ ಡ್ರೈಯರ್ ತಂದಳು. ನಾನು ಬರ್ನರಿಗೆ ಅದನ್ನು ಹಿಡಿದು ಕೂತೆ. ಮದುವಣಗಿತ್ತಿಗೂ ಅಷ್ಟು ಉಪಚಾರ ನಡೆಯಲಾರದು. ಒಂದು ಕೈ ಖಾಲಿಯಿದ್ದುದರಿಂದ, ತಂತಾನೇ ತೆರೆದುಕೊಳ್ಳುತ್ತಿದ್ದ ಕಪಾಟಿನ ಚಿಲಕವನ್ನೂ ಬಿಗಿ ಮಾಡಿದೆ.

ಬೀಗಿತ್ತಿ ಸುಮ್ಮನೆ ಕೂಡುವ ಹೆಂಗಸಲ್ಲ. ಉಪ್ಪುನೀರಿನ ಬಾಟಲಿಯಿಂದ ದ್ರಾಕ್ಷಿ ಎಲೆಗಳನ್ನು ತೆಗೆದು ತೊಳೆದು, ಅಕ್ಕಿ, ಉಳ್ಳಾಗಡ್ಡಿ, ಪುದೀನ, ಆಲಿವ್ ಎಣ್ಣೆ ಕಲೆಸಿಕೊಂಡು, ಎಲೆಯಲ್ಲಿ ಒಂದೊಂದೇ ಚಿಟಿಕೆ ಇಟ್ಟು ಸುತ್ತತೊಡಗಿದಳು. ಬೀಡಿಯಷ್ಟು ತೆಳ್ಳಗೆ, ಬೀಡಿಯಷ್ಟೇ ಒಪ್ಪವಾಗಿ.

ನನ್ನ ಹೆಂಡತಿ ಎದುರಿಗೆ ಕೂತು ನೋಡಿದಳು. ಶ್ಯಾವಿಗೆ ಹೊಸೆದು ಬೆಳೆದ ಕೈ. ಬೇರೆಯವರು ದುಡಿಯುವುದನ್ನು ಬಹಳ ಹೊತ್ತು ನೋಡಲಾರದು. "ಹಿಂಗಾದ್ರ ಸಂಜೀ ಆಗತೈತಿ ಬೀಗತಿ, ಇತ್ಲಾಗ ಕೊಡ್ರಿ" ಎಂದು ಎಲೆಗಳನ್ನು ಎಳೆದುಕೊಂಡಳು. ಅವಳು ಸುತ್ತಿದ್ದು ಚುಟ್ಟಾದಷ್ಟು ದಪ್ಪ. ಬೀಗಿತ್ತಿ ಅದನ್ನೆತ್ತಿ ಬೆಳಕಿಗೆ ಹಿಡಿದು, ಮಗಳಿಗೇನೋ ಹೇಳಿ ಬಿದ್ದುಬಿದ್ದು ನಕ್ಕಳು.

"ಏನಂತಾಳ?"

ಸೊಸೆ ಅಳುಕಿದಳು. "ಇದನ್ನ ಬಿಚ್ಚಿದ್ರೆ ನಾಲ್ಕು ಮಾಡಬಹುದಂತೆ, ಅತ್ತಿ."

"ಹೊಟ್ಟಿ ತುಂಬೂದು ನಂದರಿಂದ. ಆಕೀದು ಹಲ್ಲಿನ ಸಂದಿಗಿ ಅನ್ನು."

ಅನುವಾದವಾಯಿತು. ಬೀಗಿತ್ತಿ ಮತ್ತೂ ನಕ್ಕಳು. ಬಳಿಕ ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡಿಕೊಂಡು ಸುತ್ತಿದರು. ಸೊಸೆಗೆ ಕೆಲಸ ಉಳಿಯಲಿಲ್ಲ.

ಬರ್ನರು ಒಣಗಿತು. ಒಲೆ ಮೊದಲು ಕೆಮ್ಮಿ, ಆಮೇಲೆ ನೀಲಿಯಾಗಿ ಹತ್ತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಹೊತ್ತಿಗೆ ನನ್ನನ್ನು ಮರೆತಿದ್ದರು.

ಬೆಂದ ಮೇಲೆ ಬೀಗಿತ್ತಿ ಪಾತೇಲಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿ, ನಿಂಬೆ ಹಿಂಡಿ, ನನ್ನ ಹೆಂಡತಿಯ ಮುಂದೆ ಹಿಡಿದಳು. ನನ್ನ ಹೆಂಡತಿಯ ಕೈ ರೂಢಿಯಂತೆ ಎದೆಯ ಕಡೆಗೆ ಹೊರಟಿತು. ಸೊಸೆ ಕಿಟಕಿಯ ಕಡೆ ತಿರುಗಿಬಿಟ್ಟಳು. ನಾನು ಸ್ಕ್ರೂಡ್ರೈವರನ್ನು ಒರೆಸಿದೆ, ಅದು ಸ್ವಚ್ಛವಾಗಿಯೇ ಇತ್ತು.

ಬೀಗಿತ್ತಿ ತಟ್ಟೆ ಹಿಂತೆಗೆಯಲಿಲ್ಲ. ಮೇಲಿದ್ದ ಒಂದು ಚುಟ್ಟಾವನ್ನು ಬೆರಳಿನಿಂದ ನನ್ನ ಹೆಂಡತಿಯ ಕಡೆಗೆ ತಳ್ಳಿದಳು. ನಿನ್ನದನ್ನಾದರೂ ತಿನ್ನು ಎಂದು ಅರ್ಥ.

ಕೈ ಎದೆಯನ್ನು ಮುಟ್ಟದೆ ಕೆಳಗಿಳಿಯಿತು. ನನ್ನ ಹೆಂಡತಿ ಆ ಚುಟ್ಟಾವನ್ನು ಪಕ್ಕಕ್ಕೆ ಸರಿಸಿ, ತಡಕಾಡಿ, ಅತ್ಯಂತ ತೆಳ್ಳಗಿನದೊಂದನ್ನು ಹುಡುಕಿ ಬಾಯಿಗೆ ಹಾಕಿಕೊಂಡಳು. ಹೊತ್ತು ತೆಗೆದುಕೊಂಡು ಅಗಿದಳು.

"ಖಾರ ಇಲ್ಲ" ಎಂದಳು. ಇನ್ನೊಂದು ತೆಗೆದುಕೊಂಡಳು.

ಅಂದು ಅವಳ ರೊಟ್ಟಿಗಳನ್ನು ನಾನು ತಿಂದೆ.