ಅರ್ಧ ಪುಸ್ತಕದ ವೇದಾಂತಿ

ಬೀದಿಯವರು ಅವನನ್ನು ವೇದಾಂತಿ ಎನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಅವನು ಮಾತ್ರ ಅದನ್ನು ಬಿರುದೆಂದೇ ತೆಗೆದುಕೊಂಡಿದ್ದ. ಕಸುಬು ಪುಸ್ತಕಗಳ ಬೈಂಡಿಂಗ್. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಎರಡರಲ್ಲಿ ಸಂಸಾರ. ನಡುವಿನ ಪರದೆಗೆ ವರ್ಷಗಟ್ಟಲೆ ಅಂಟು ಮೆತ್ತಿ, ಅದು ಪರದೆಯೋ ರಟ್ಟೋ ಹೇಳುವುದು ಕಷ್ಟವಾಗಿತ್ತು.

ವೇದಾಂತ ತಗುಲಿಕೊಂಡದ್ದು ಒಂದು ಪುಸ್ತಕದಿಂದ. ಇಪ್ಪತ್ತು ವರ್ಷದ ಹಿಂದೆ ಗ್ರಂಥಾಲಯದಿಂದ ರಿಪೇರಿಗೆ ಬಂದದ್ದು; ಬೆನ್ನು ಮುರಿದಿತ್ತು, ರಟ್ಟು ಇರಲೇ ಇಲ್ಲ. ಹೊಲಿಯುತ್ತ ಹೊಲಿಯುತ್ತ ಓದಿದ. ನೋಡುವವನು ಬೇರೆ, ನೋಡಿದ್ದು ಬೇರೆ. ಸಿಟ್ಟು, ದುಃಖ, ನಂಟು ಎಲ್ಲವೂ ಎದುರಿಗೆ ಹಾದುಹೋಗುವ ದೃಶ್ಯ. ನೀನು ಬರೀ ಸಾಕ್ಷಿ, ಮಾಡುವವನು ನೀನಲ್ಲ. ಇಷ್ಟು ಅನುಕೂಲದ ಮಾತನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕಂದು ಬಟ್ಟೆಯ ರಟ್ಟು ಹಾಕಿ, ಬೆನ್ನ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತಿ, ಯಾರೂ ಕೇಳದಿದ್ದರೂ ಕೆಳಗೆ ‘ಸಂಪೂರ್ಣ’ ಎಂದೂ ಒತ್ತಿ ಕಳಿಸಿದ.

ಅಂದಿನಿಂದ ಒಲೆಯ ಮೇಲೆ ಹಾಲು ಉಕ್ಕಿದರೂ ಅವನು ಸಾಕ್ಷಿ.

“ಕೋರ್ಟಿನ ಸಾಕ್ಷಿನಾದ್ರೂ ಬಾಯಿ ಬಿಡ್ತಾನೆ,” ಎನ್ನುತ್ತಿದ್ದಳು ಹೆಂಡತಿ. “ನೀವು ಒಲೆ ಆರ್ಸೋಕೂ ಏಳಲ್ಲ.”

ಅಂಗಡಿಯಲ್ಲಿ ಜೊತೆಗೆ ತಮ್ಮನಿದ್ದ. ಕಾಗದ ಕತ್ತರಿಸುವ ಯಂತ್ರಕ್ಕೆ ಇಬ್ಬರು ಬೇಕು: ಹಾಳೆಯ ಕಟ್ಟನ್ನು ಅಂಚಿಗೆ ಕೂರಿಸಲು ಒಬ್ಬ, ಹಿಡಿ ಎಳೆಯಲು ಒಬ್ಬ. ಕೂರಿಸುವವನು ಕೈ ತೆಗೆದು ‘ಹೂಂ’ ಅನ್ನಬೇಕು. ಅನ್ನುವವರೆಗೆ ಹಿಡಿ ಎಳೆಯಬಾರದು. ಅಪ್ಪನ ಕಾಲದಿಂದ ಬಂದ ಕಟ್ಟಳೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಯಾರೋ ಗಿರಾಕಿ ಅಳಿಯನ ಮೇಲೆ ಸಿಟ್ಟು ಮಾಡಿಕೊಂಡು ಬಂದಿದ್ದರು. ಸಿಟ್ಟು ನಮ್ಮದಲ್ಲ ಎಂದು ಅವರಿಗೆ ಬೋಧಿಸುವ ರಭಸದಲ್ಲಿ ವೇದಾಂತಿ ತಮ್ಮನ ‘ಹೂಂ’ಗೆ ಕಾಯದೆಯೇ ಹಿಡಿ ಎಳೆದ. ತಮ್ಮನ ತೋರುಬೆರಳಿನ ತುದಿ ಹೋಯಿತು.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಎಲ್ಲರೂ ಅಣ್ಣನ ಒಂದು ಮಾತಿಗೆ ಕಾದರು. ಅಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ: “ಹೋಗಿದ್ದು ಬೆರಳು ಕಣೋ. ನೀನಲ್ಲ.”

ತಮ್ಮ ಗೋಡೆಯ ಕಡೆಗೆ ತಿರುಗಿ ಮಲಗಿದ. ಪಟ್ಟಿ ಬಿಚ್ಚಿದ ಮೇಲೆ ಪಕ್ಕದ ಬೀದಿಯ ಪ್ರೆಸ್ಸಿಗೆ ಕೆಲಸಕ್ಕೆ ಸೇರಿಕೊಂಡ. ಆಮೇಲೆ ಮಾತಿಲ್ಲ ಕತೆಯಿಲ್ಲ. ಯಾರಾದರೂ ಕೇಳಿದರೆ ವೇದಾಂತಿ, ಕತ್ತಿ ಇಳಿಯಿತು, ಆಗುವುದು ಆಯಿತು ಎನ್ನುತ್ತಿದ್ದ. ಹಾಗೆನ್ನುವಾಗಲೆಲ್ಲ ಅವನ ಬಲಗೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಜಗತ್ತನ್ನೆಲ್ಲ ನೋಡುವ ಸಾಕ್ಷಿಗೆ ಅದೊಂದು ಕಂಡಿರಲಿಲ್ಲ.

ಹೋದ ತಿಂಗಳು ಗ್ರಂಥಾಲಯದ ಮೇಡಂ ಒಂದು ಗಂಟು ತಂದು ಮೇಜಿನ ಮೇಲಿಟ್ಟರು. ಹಳೆಯ ಓದುಗರೊಬ್ಬರ ಕಪಾಟು ಖಾಲಿ ಮಾಡುವಾಗ ಸಿಕ್ಕಿತಂತೆ. “ನಿಮ್ಮ ‘ಸಂಪೂರ್ಣ’ದ ಇನ್ನರ್ಧ,” ಎಂದರು, ನಗದೆ. ಕಂದು ರಟ್ಟಿನ ಹಳೆಯ ಪುಸ್ತಕವನ್ನೂ ಪಕ್ಕದಲ್ಲಿಟ್ಟರು; ಎರಡನ್ನೂ ಸೇರಿಸಿ ಕಟ್ಟಬೇಕಂತೆ.

ಅವರು ಹೋದ ಮೇಲೆ ಮೊದಲ ಹಾಳೆ ತೆರೆದ. ಇಲ್ಲಿಯವರೆಗೆ ಹೇಳಿದ್ದು ನಮ್ಮ ಮತವಲ್ಲ, ನಮ್ಮನ್ನು ಒಪ್ಪದವರ ವಾದ. ಇನ್ನು ಅದನ್ನು ಖಂಡಿಸುತ್ತೇವೆ ಎಂದಿತ್ತು. ನಿಂತು ಓದಿದ, ಕೂತು ಓದಿದ. ಅಕ್ಷರ ಬದಲಾಗಲಿಲ್ಲ. ಮುಂದಕ್ಕೆ ಓದಿದ. ನೀನು ಕಿಟಕಿಯಲ್ಲಿ ಕೂತು ಬೀದಿ ನೋಡುವವನಲ್ಲ, ಬೀದಿಯಲ್ಲೇ ನಡೆಯುವವನು. ಇನ್ನೊಬ್ಬರಿಗೆ ತಗಲದೆ ಬೆಳೆದ ‘ನಾನು’ ಎಲ್ಲೂ ಇಲ್ಲ. ದುಃಖ ಬಂದರೆ ಯಾರನ್ನು ನಿನ್ನವರೆಂದುಕೊಂಡಿದ್ದೆ ಎಂದು ತಿಳಿಯುತ್ತದೆ. ನಾಚಿಕೆ ಬಂದರೆ ಯಾವ ಕೆಲಸ ನಿನ್ನದು ಎಂದು ತಿಳಿಯುತ್ತದೆ. ಅಲ್ಲಿಗೆ ಬರುವಾಗ ಹಾಳೆ ಮಗುಚಲು ಬಲಗೈ ಬೇಕಾಯಿತು. ಅದು ಜೇಬಿನಲ್ಲಿತ್ತು.

ವಿಷಯ ಕೇಳಿ ಹೆಂಡತಿ ನಗು ತಡೆಯಲಾರದೆ ಕಾಗದದ ರಾಶಿಯ ಮೇಲೆ ಕೂತುಬಿಟ್ಟಳು. “ಇಪ್ಪತ್ತು ವರ್ಷ ಎದುರು ಪಕ್ಷದ ವಕಾಲತ್ತು ಮಾಡಿದ್ರಾ?” ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. “ಈಗೇನ್ಮಾಡ್ತೀರಿ?”

“ತಮ್ಮನ ಹತ್ರ ಹೋಗ್ತೀನಿ. ಅವನು ಮಾತಾಡೋ ತನಕ ಹೋಗ್ತೀನಿ.”

ಮೊದಲ ದಿನ ಪ್ರೆಸ್ಸಿನಲ್ಲಿ ಅಣ್ಣನನ್ನು ಕಂಡ ತಮ್ಮ ಬಚ್ಚಲಿಗೆ ಹೋದವನು ಈಚೆಗೆ ಬರಲೇ ಇಲ್ಲ. ಎರಡನೆಯ ದಿನ, ಅವನಿಲ್ಲ ಎಂಬ ಉತ್ತರ ಕಾಗದದ ರಾಶಿಯ ಹಿಂದಿನಿಂದ ಅವನದೇ ದನಿಯಲ್ಲಿ ಬಂತು. ಮೂರನೆಯ ದಿನ ತಮ್ಮ ಎದುರಿಗೇ ನಿಂತ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದೇ? ವೇದಾಂತಿ ಹೊಸ ಅರ್ಧವನ್ನು ಬೋಧಿಸತೊಡಗಿದ. ನಾನು ಎಂದರೇನು, ಜಗತ್ತು ಎಂದರೇನು ಎನ್ನುವಷ್ಟರಲ್ಲಿ ತಮ್ಮ ಹಾಳೆ ಮಡಿಸುವ ಯಂತ್ರ ಚಾಲು ಮಾಡಿದ. ಆ ಸದ್ದಿನಲ್ಲಿ ಜಗತ್ತೂ ಕೇಳಿಸಲಿಲ್ಲ, ನಾನೂ ಕೇಳಿಸಲಿಲ್ಲ.

ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡು ಮನೆಗೆ ಬಂದ. ನಾಲ್ಕನೆಯ ದಿನ ಹೋಗುವಾಗ ಎರಡೂ ಅರ್ಧಗಳನ್ನು ಮನೆಯಲ್ಲೇ ಬಿಟ್ಟಿದ್ದ. ಯಂತ್ರ ನಿಲ್ಲುವವರೆಗೆ ಬಾಗಿಲಲ್ಲಿ ನಿಂತ. ಕಾಲು ಜೋಮು ಹಿಡಿಯಿತು; ಕದಲಲಿಲ್ಲ. ಸದ್ದು ನಿಂತ ಕೂಡಲೇ ಹೇಳಿದ:

“ನೀನು ಹೂಂ ಅಂದಿರ್ಲಿಲ್ಲ. ಎಳೆದವನು ನಾನು.”

ತಮ್ಮ ಹಾಳೆಗಳನ್ನು ಕುಟ್ಟಿ ಸರಿಮಾಡುತ್ತಿದ್ದವನು ಕೈ ನಿಲ್ಲಿಸಿದ. “ನಂಗೊತ್ತು ಅಣ್ಣ. ನಾನೂ ಅಲ್ಲೇ ಇದ್ನಲ್ಲ. ನಿಂಗೆ ಗೊತ್ತಾ ಅನ್ನೋದು ಗೊತ್ತಿರ್ಲಿಲ್ಲ.”

ಅಣ್ಣ ಕೈ ತೋರಿಸು ಎಂದ. ತಮ್ಮ ಹಾಳೆಗಳನ್ನು ಕೆಳಗಿಟ್ಟು ಕೈ ಚಾಚಿದ. ಉಗುರಿನ ಚೂರೊಂದು ಸೊಟ್ಟಗೆ ಬೆಳೆದಿತ್ತು. ಮೂರು ವರ್ಷದಲ್ಲಿ ಅಣ್ಣ ಅದನ್ನು ನೋಡಿದ್ದು ಅದೇ ಮೊದಲು.

“ನೋವಾಗುತ್ತಾ?”

“ಚಳಿಗೆ.” ತಮ್ಮ ಕೈ ಹಿಂದಕ್ಕೆಳೆದುಕೊಂಡ. “ಹೊಟ್ಟೆಗೆ ಹಾಕ್ಕೊಂಡ್ಬಿಟ್ಟೆ ಅಂತ ಇವತ್ತೇ ತಿಳ್ಕೋಬೇಡ.”

“ಇಲ್ಲ. ನಾಳೆ ಬರ್ತೀನಿ.”

“ನಾಳೆ ರಜ.”

“ನಾಡಿದ್ದು ಬರ್ತೀನಿ.”

ತಮ್ಮ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟ, ಒತ್ತಲಿಲ್ಲ.

“ಊಟದ ಹೊತ್ತಿಗೆ ಬಾ,” ಎಂದ. “ಆಗ ಸದ್ದಿರಲ್ಲ.”